ಮೂಳೆ ವಿಚಾರ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಮೂಳೆ ಮುರಿತ, ವಯಸ್ಸಾದವರ ಟೊಳ್ಳು ಮೂಳೆ, ಆರ್ಥೋಪೆಡಿಕ್ಸ್ ಓದು: ಈ ಮೂರರ ಸುತ್ತ ಬಂದ ಪತ್ರಗಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಉತ್ತರ ಕೊಟ್ಟವರು ಮೂಳೆ ಮತ್ತು ಕೀಲು ಶಸ್ತ್ರಚಿಕಿತ್ಸಕರು. ಒಂದೇ ಬಗೆಯ ಪತ್ರಗಳನ್ನು ಸೇರಿಸಿ ಒಂದು ಮಾಡಿದ್ದೇವೆ. ಇಲ್ಲಿರುವ ಔಷಧದ ಪ್ರಮಾಣಗಳನ್ನು ನಿಮ್ಮ ವೈದ್ಯರ ಮುಂದಿಟ್ಟು ಕೇಳಿ. ಓದಿದ ಕೂಡಲೇ ನೀವೇ ಮಾತ್ರೆ ಬದಲಿಸಬೇಡಿ.

ಪ್ರಶ್ನೆ: ದಾವಣಗೆರೆಯಲ್ಲಿ ಎಂಬಿಬಿಎಸ್ ಕೊನೆಯ ವರ್ಷದಲ್ಲಿದ್ದೇನೆ. ಆರ್ಥೋ ತೆಗೆದುಕೊಳ್ಳಬೇಕೆಂಬ ಆಸೆ. ಐದಡಿ ಎತ್ತರ, ಸಣ್ಣ ಮೈಕಟ್ಟು. ‘ಅದು ಗಂಡಸರ ಬ್ರಾಂಚು, ಸುತ್ತಿಗೆ ಹಿಡಿಯುವ ಕೆಲಸ’ ಅಂತ ಮನೆಯವರೂ ಸೀನಿಯರ್‌ಗಳೂ ಹೇಳುತ್ತಾರೆ. ಎಷ್ಟು ವರ್ಷದ ಓದು? ಕೆಲಸ ನಿಜವಾಗಿ ಹೇಗಿರುತ್ತದೆ?

ಉತ್ತರ: ಮೊದಲು ವರ್ಷಗಳ ಲೆಕ್ಕ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ. ನೀಟ್ ಪಿಜಿ ಬರೆದು ಎಂಎಸ್ ಆರ್ಥೋ ಅಥವಾ ಅದಕ್ಕೆ ಸಮನಾದ ಡಿಎನ್‌ಬಿ ಸೀಟು ಸಿಕ್ಕರೆ ಮತ್ತೆ ಮೂರು ವರ್ಷ. ಬೆನ್ನುಮೂಳೆ, ಕೀಲು ಬದಲಿ, ಕೈ, ಮಕ್ಕಳ ಮೂಳೆ, ಟ್ರಾಮಾ ಇವುಗಳಲ್ಲಿ ಒಂದನ್ನೇ ಹಿಡಿಯುವುದಾದರೆ ಆಮೇಲೆ ಒಂದೆರಡು ವರ್ಷ ಫೆಲೋಶಿಪ್. ಸ್ವಂತ ಹೊಣೆಯಲ್ಲಿ ಆಪರೇಷನ್ ಮಾಡುವ ಹೊತ್ತಿಗೆ ಮೂವತ್ತು ದಾಟಿರುತ್ತದೆ. ಸೀಟು ಆರಿಸುವಾಗ ಕಾಲೇಜಿನ ಹೆಸರಿಗಿಂತ ಕ್ಯಾಷುಯಾಲ್ಟಿಗೆ ಎಷ್ಟು ಕೇಸು ಬರುತ್ತವೆ, ಪಿಜಿಗಳ ಕೈಗೆ ಎಷ್ಟು ಕೆಲಸ ಕೊಡುತ್ತಾರೆ ಎಂಬುದನ್ನು ಅಲ್ಲಿ ಈಗ ಓದುತ್ತಿರುವವರನ್ನೇ ಕೇಳಿ. ಬೆಂಗಳೂರಿನ ಜಯನಗರದ ಸಂಜಯ ಗಾಂಧಿ ಟ್ರಾಮಾ ಮತ್ತು ಆರ್ಥೋಪೆಡಿಕ್ಸ್ ಸಂಸ್ಥೆಯಂಥ ಕಡೆ ಅಪಘಾತದ ಕೇಸುಗಳೇ ಮುಖ್ಯ. ಇನ್ನು ಕೆಲವೆಡೆ ಮಂಡಿ ಬದಲಿಸುವ ಆಪರೇಷನ್ನೇ ದಿನಚರಿ. ಎರಡರಲ್ಲಿ ಕಲಿಯುವುದು ಬೇರೆ ಬೇರೆ.

ಬಲದ ಮಾತು ಅರ್ಧ ಹಳೆಯ ಕಾಲದ್ದು. ಜಾರಿದ ಸೊಂಟದ ಕೀಲನ್ನು ಕೂರಿಸಲು ಬೇಕಾದದ್ದು ತೋಳ್ಬಲಕ್ಕಿಂತ ಹೆಚ್ಚಾಗಿ ಅರಿವಳಿಕೆ: ಸ್ನಾಯು ಪೂರ್ತಿ ಸಡಿಲವಾದರೆ ಮಂಚದ ಮೇಲೆ ಒಂದು ಕಾಲೂರಿ, ರೋಗಿಯ ಮಂಡಿಯ ಕೆಳಗೆ ನಿಮ್ಮ ಮಂಡಿ ಕೊಟ್ಟು, ನಿಮ್ಮ ಹಿಮ್ಮಡಿ ಎತ್ತಿದರೆ ಕೀಲು ಕೂರುತ್ತದೆ. ಸ್ನಾಯು ಬಿಗಿಯಾಗಿರುವಾಗ ಎಳೆದಾಡಿದರೆ ಆರಡಿ ಆಳಿಗೂ ಆಗುವುದಿಲ್ಲ, ತೊಡೆಮೂಳೆಯ ಕುತ್ತಿಗೆಯೇ ಮುರಿದೀತು. ತೊಡೆಯ ಮುರಿತವನ್ನು ಎಳೆದು ಹಿಡಿಯಲು ಫ್ರಾಕ್ಚರ್ ಟೇಬಲ್ ಇದೆ, ಕೊರೆಯಲು ಬ್ಯಾಟರಿ ಡ್ರಿಲ್ ಇದೆ. ಎತ್ತರ ಸಾಲದಿದ್ದರೆ ನಿಲ್ಲಲು ಸ್ಟೂಲು. ಅದು ಎಲ್ಲ ಥಿಯೇಟರಿನಲ್ಲೂ ಇರುತ್ತದೆ, ಕೇಳಲು ಸಂಕೋಚ ಬೇಡ. ನಿಜವಾಗಿ ದಣಿಸುವುದು ಎಕ್ಸ್‌ರೇ ಕಿರಣ ತಡೆಯುವ ಸೀಸದ ಏಪ್ರನ್: ಒಂದೇ ತುಂಡಿನದಾದರೆ ಐದಾರು ಕಿಲೋ ಪೂರ್ತಿ ಹೆಗಲ ಮೇಲೆ. ಮೇಲಂಗಿ, ಲಂಗ ಎಂದು ಎರಡು ತುಂಡಿನದನ್ನು ನಿಮ್ಮ ಅಳತೆಗೇ ಕೊಳ್ಳಿ, ಅರ್ಧ ಭಾರ ಸೊಂಟಕ್ಕೆ ಇಳಿಯುತ್ತದೆ. ಗಂಡಸರ ಬ್ರಾಂಚು ಎನ್ನುವುದು ಸದ್ಯದ ಎಣಿಕೆಯಲ್ಲಿ ನಿಜವೇ, ಹೆಣ್ಣುಮಕ್ಕಳು ಬಹಳ ಕಡಿಮೆ. ಅದಕ್ಕೆ ಕಾರಣ ಮೂಳೆಯಲ್ಲಿಲ್ಲ.

ಪಿಜಿ ಮೊದಲ ವರ್ಷ ಆಪರೇಷನ್ ಕನಸು ಬೇಡ. ಡ್ರೆಸಿಂಗ್, ಟ್ರ್ಯಾಕ್ಷನ್ (ತೂಕ ಕಟ್ಟಿ ಎಳೆದಿಡುವುದು), ರಾತ್ರಿ ಕ್ಯಾಷುಯಾಲ್ಟಿ, ರೋಗಿಯನ್ನು ಅನಸ್ತೇಷಿಯಾ ಫಿಟ್‌ನೆಸ್‌ಗೆ ಸಿದ್ಧ ಮಾಡುವುದು, ಮುಖ್ಯವಾಗಿ ಪ್ಲಾಸ್ಟರ್. ಇದನ್ನು ಇಂಟರ್ನ್‌ಶಿಪ್‌ನಲ್ಲೇ ಕಲಿತು ಬಿಡಿ. ಕೈಗಾದರೆ 10 ಸೆಂಟಿಮೀಟರ್ ಅಗಲದ ಪಟ್ಟಿ, ಎಂಟರಿಂದ ಹತ್ತು ಪದರ. ಕಾಲಿಗೆ 15 ಸೆಂಟಿಮೀಟರ್, ಹನ್ನೆರಡರಿಂದ ಹದಿನಾಲ್ಕು ಪದರ. ಒಳಗೆ ಹತ್ತಿ ಎರಡು ಮೂರು ಸುತ್ತು, ಹಿಮ್ಮಡಿಗೂ ಮೂಳೆ ಉಬ್ಬಿದ ಕಡೆಗೂ ಇನ್ನೊಂದು ಸುತ್ತು. ಮಂಡಿಯ ಹೊರಬದಿಯಲ್ಲಿ ಫಿಬುಲಾ ಮೂಳೆಯ ತಲೆಯಿದೆಯಲ್ಲ, ಅಲ್ಲಿ ಹತ್ತಿ ಕಡಿಮೆಯಾದರೆ ನರ ಒತ್ತಿ ಪಾದ ಮೇಲೆತ್ತಲಾಗದೆ ಜೋತುಬೀಳುತ್ತದೆ. ನೀರು ಕೋಣೆಯ ಬಿಸಿಯಲ್ಲಿರಲಿ. ಪ್ಲಾಸ್ಟರ್ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ; ಬೇಗ ಗಟ್ಟಿಯಾಗಲೆಂದು ಬಿಸಿನೀರಿಗೆ ಅದ್ದಿ, ದಪ್ಪ ಪದರ ಹಾಕಿ, ಮೇಲೆ ದಿಂಬಿಟ್ಟರೆ ಚರ್ಮ ಸುಡುತ್ತದೆ. ಹಸಿ ಪ್ಲಾಸ್ಟರನ್ನು ಅಂಗೈಯಲ್ಲಿ ಹಿಡಿಯಿರಿ. ಬೆರಳ ತುದಿಯ ಒಂದು ಗುಳಿ ಸಾಕು, ಮೂರು ವಾರ ಬಿಟ್ಟು ಬಿಚ್ಚಿದಾಗ ಅಲ್ಲೊಂದು ಹುಣ್ಣು ಕಾಣಿಸುತ್ತದೆ.

ಇನ್ನೊಂದು ವಿಷಯ ಸೀನಿಯರ್‌ಗಳು ಹೇಳಿರಲಾರರು. ಈ ಕಸುಬಿನಲ್ಲಿ ದುಡ್ಡು, ಹೆಸರು ಎಲ್ಲ ಥಿಯೇಟರಿನಲ್ಲಿದೆ. ಮುರಿದ ಮೂಳೆಯನ್ನು ಜೋಡಿಸಿ ಕಳಿಸಿದರೆ ಕೆಲಸ ಮುಗಿಯಿತು ಎಂಬ ಅಭ್ಯಾಸವೂ ಅಲ್ಲೇ ಹುಟ್ಟುತ್ತದೆ. ಅರುವತ್ತು ದಾಟಿದವರಲ್ಲಿ ಮುರಿದ ಮೂಳೆ ಕೂಡಿಸಿದರೆ ಅರ್ಧ ಚಿಕಿತ್ಸೆ ಮಾತ್ರ. ಯಾಕೆ ಮುರಿಯಿತು ಎಂದು ನೋಡಿ, ಮುಂದಿನ ಮುರಿತ ತಪ್ಪಿಸುವ ಔಷಧ ಶುರುಮಾಡಿ, ವರ್ಷಗಟ್ಟಲೆ ಹಿಂಬಾಲಿಸುವುದು ಉಳಿದರ್ಧ. ಒಪಿಡಿಯಲ್ಲಿ ಮಾಡುವ ಆ ಕೆಲಸಕ್ಕೆ ಚಪ್ಪಾಳೆ ಇಲ್ಲ. ಅದನ್ನು ಮಾಡುವ ಮನಸ್ಸಿದ್ದರೆ ಈ ಬ್ರಾಂಚಿಗೆ ನೀವು ಬೇಕು.

ಪ್ರಶ್ನೆ: ಅಮ್ಮನಿಗೆ 74. ಬಚ್ಚಲಲ್ಲಿ ಜಾರಿ ಬಿದ್ದರು. ಬಲಗಾಲು ಗಿಡ್ಡವಾಗಿ ಹೊರಕ್ಕೆ ತಿರುಗಿಕೊಂಡಿದೆ. ಸೊಂಟದ ಹತ್ತಿರ ಮುರಿದಿದೆ, ಎರಡು ದಿನದೊಳಗೆ ಆಪರೇಷನ್ ಆಗಬೇಕು ಅಂತಾರೆ. ಬಿಪಿ, ಸಕ್ಕರೆ ಎರಡೂ ಇವೆ. ‘ಈ ವಯಸ್ಸಿಗೆ ಯಾಕೆ ಕೊಯ್ಯಿಸ್ತೀಯ, ತೂಕ ಕಟ್ಟಿ ಮಲಗಿಸಿದರೆ ತಾನೇ ಕೂಡುತ್ತೆ’ ಅಂತಾರೆ ನಮ್ಮ ಮಾವ. — ಅರಸೀಕೆರೆ

ಉತ್ತರ: ವಯಸ್ಸಾಗಿದೆ ಎನ್ನುವುದೇ ಆಪರೇಷನ್ ಮಾಡಿಸಲು ಕಾರಣ. ಇಪ್ಪತ್ತರ ಹುಡುಗ ತಿಂಗಳುಗಟ್ಟಲೆ ಮಲಗಿ ಎದ್ದಾನು. 74ರ ಅಮ್ಮ ಮಲಗಿದರೆ ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ, ಬೆನ್ನಿಗೆ ಹುಣ್ಣು, ಮೂತ್ರದ ಸೋಂಕು, ಕಾಲಿನ ರಕ್ತನಾಳದಲ್ಲಿ ಹೆಪ್ಪು. ಹಲವು ದೇಶಗಳ ಲೆಕ್ಕದಲ್ಲಿ ಸೊಂಟ ಮುರಿದ ವೃದ್ಧರಲ್ಲಿ ಐವರಿಗೊಬ್ಬರಾದರೂ ವರ್ಷದೊಳಗೆ ತೀರಿಕೊಳ್ಳುತ್ತಾರೆ. ಜೀವ ತೆಗೆಯುವುದು ಮುರಿದ ಮೂಳೆಗಿಂತ ಹೆಚ್ಚಾಗಿ ಆ ಮಲಗುವಿಕೆ. ಆದ್ದರಿಂದಲೇ 24ರಿಂದ 48 ಗಂಟೆಯೊಳಗೆ ಎನ್ನುವುದು.

ಎಕ್ಸ್‌ರೇಯಲ್ಲಿ ಮುರಿತ ಎಲ್ಲಿದೆ ಕೇಳಿ. ಅದರ ಮೇಲೆ ಆಪರೇಷನ್ ಬದಲಾಗುತ್ತದೆ. ತೊಡೆಮೂಳೆಯ ಗುಂಡಿನ ಕೆಳಗಿನ ಕುತ್ತಿಗೆ ಮುರಿದು ಸರಿದಿದ್ದರೆ ಗುಂಡಿಗೆ ರಕ್ತ ಒಯ್ಯುವ ಸಣ್ಣ ನಾಳಗಳೂ ಹರಿದಿರುತ್ತವೆ. ಸ್ಕ್ರೂ ಹಾಕಿದರೂ ಈ ವಯಸ್ಸಿನಲ್ಲಿ ಕೂಡುವ ಭರವಸೆ ಇಲ್ಲ, ಗುಂಡು ಸತ್ತು ಕುಸಿಯಬಹುದು. ಹಾಗಾಗಿ ಗುಂಡನ್ನೇ ತೆಗೆದು ಲೋಹದ್ದನ್ನು ಕೂರಿಸುತ್ತಾರೆ: ಅರ್ಧ ಕೀಲು ಬದಲಿ. ಬಿದ್ದ ದಿನದವರೆಗೂ ಸಂತೆ, ದೇವಸ್ಥಾನ ಅಂತ ಓಡಾಡಿಕೊಂಡಿದ್ದವರಿಗೆ ಪೂರ್ತಿ ಕೀಲು ಬದಲಿ ಮಾಡುವುದೂ ಉಂಟು. ಮುರಿತ ಅದಕ್ಕಿಂತ ಕೆಳಗೆ, ಮೂಳೆಯ ಎರಡು ಉಬ್ಬುಗಳ ನಡುವೆ ಇದ್ದರೆ ಅಲ್ಲಿ ರಕ್ತ ಸಂಚಾರ ಚೆನ್ನಾಗಿದೆ. ನಿಮ್ಮ ಮಾವ ಹೇಳಿದಂತೆ ತಾನೇ ಕೂಡೀತು; ಆದರೆ ಗಿಡ್ಡವಾಗಿ, ತಿರುಚಿ, ಎರಡು ಮೂರು ತಿಂಗಳು ಮಲಗಿದ ಮೇಲೆ. ಪಿಎಫ್‌ಎನ್ ಎಂಬ ರಾಡು ಹಾಕಿದರೆ ಸಾಮಾನ್ಯವಾಗಿ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ.

ಆಪರೇಷನ್ನಿಗೆ ಮೊದಲು ನೀವು ಹೇಳಬೇಕಾದದ್ದು: ರಕ್ತ ತೆಳು ಮಾಡುವ ಮಾತ್ರೆ ಯಾವುದು ನುಂಗುತ್ತಾರೆ, ಕೊನೆಯ ಡೋಸು ಯಾವಾಗ, ಹಿಂದೆ ಹೃದಯದ ತೊಂದರೆ ಆಗಿತ್ತೇ, ಬೀಳುವ ಮುಂಚೆ ತಲೆಸುತ್ತು ಬಂದಿತ್ತೇ. ಹಿಮೋಗ್ಲೋಬಿನ್, ಸೋಡಿಯಂ, ಕ್ರಿಯಾಟಿನಿನ್, ಸಕ್ಕರೆ, ಇಸಿಜಿ ಸಾಮಾನ್ಯವಾಗಿ ಸಾಕು. ಸಕ್ಕರೆ ‘ಪೂರ್ತಿ ಕಂಟ್ರೋಲ್’ ಆಗಲಿ ಎಂದು ವಾರ ಕಾಯುವುದು ತಪ್ಪು. ಇನ್ಸುಲಿನ್ ಕೊಟ್ಟು ಒಂದೇ ದಿನದಲ್ಲಿ ಆಪರೇಷನ್ನಿಗೆ ಸಾಕಾಗುವಷ್ಟು ಇಳಿಸಬಹುದು. ಅಷ್ಟರವರೆಗೆ ನೋವಿಗೆ ತೊಡೆಸಂದಿಯಲ್ಲಿ ನರದ ಬ್ಲಾಕ್ ಇಂಜೆಕ್ಷನ್ ಕೊಡಿಸಲು ಕೇಳಿ. ತೂಕ ಕಟ್ಟುವುದಕ್ಕಿಂತ ಅದು ಎಷ್ಟೋ ಮೇಲು.

ಆಮೇಲಿನ ಮೂರು ದಿನ ಎಚ್ಚರ. ರಾತ್ರಿ ಹೊತ್ತು ಅಮ್ಮ ಏನೇನೋ ಬಡಬಡಿಸಬಹುದು, ಟ್ಯೂಬು ಕಿತ್ತೆಸೆಯಬಹುದು. ಹುಚ್ಚು ಹಿಡಿಯಿತೆಂದು ಹೆದರಬೇಡಿ. ಕನ್ನಡಕ, ಕಿವಿಯ ಮಶೀನು ಹಾಕಿಸಿ, ಮನೆಯವರೊಬ್ಬರು ಪಕ್ಕದಲ್ಲಿರಿ, ಹಗಲು ಕಿಟಕಿ ತೆರೆದಿಡಿ, ಮೂತ್ರದ ಟ್ಯೂಬನ್ನು ಎಷ್ಟು ಬೇಗ ತೆಗೆಯಲಾದೀತೋ ಅಷ್ಟು ಬೇಗ ತೆಗೆಸಿ. ಹೆಪ್ಪು ಕಟ್ಟದಂತೆ ಕೊಡುವ ಔಷಧ ಸಾಮಾನ್ಯವಾಗಿ ನಾಲ್ಕು ವಾರ. ಡಿಸ್ಚಾರ್ಜ್ ಆದ ಮೇಲೆ ಮನೆಯಲ್ಲಿ ನಿಂತುಹೋಗುವುದು ಇದೇ. ಅರ್ಧ ಕೀಲು ಹಾಕಿದ್ದರೆ ನೆಲದ ಮೇಲೆ ಕೂರುವುದು, ಕಾಲ ಮೇಲೆ ಕಾಲು ಹಾಕುವುದು, ನೆಲಮಟ್ಟದ ಕಕ್ಕಸು ಬೇಡ. ಮನೆಗೆ ಕರೆತರುವ ಮುಂಚೆ ಕಮೋಡು ಕುರ್ಚಿ ತಂದಿಡಿ.

ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಮೊದಲು ಈ ಯೋಜನೆಯ ಸಹಾಯಕ್ಕೆಂದು ಇರುವ ಆರೋಗ್ಯಮಿತ್ರರನ್ನು ಕಂಡು ರೆಫರಲ್ ವಿಚಾರಿಸಿ, ಆಮೇಲೆ ದುಡ್ಡು ಕಟ್ಟಿ.

ಹೊಲಿಗೆ ಬಿಚ್ಚಿಸಲು ಹೋದ ದಿನ ಒಂದು ಮಾತು ನೀವೇ ಕೇಳಿ: ‘ಮೂಳೆಗೆ ಔಷಧ ಯಾವಾಗ ಶುರು?’ ನಿಂತ ಎತ್ತರದಿಂದ ಬಿದ್ದು ಸೊಂಟ ಮುರಿದರೆ ಅದು ಆಸ್ಟಿಯೊಪೊರೋಸಿಸ್ (ಟೊಳ್ಳು ಮೂಳೆ) ಎಂದೇ ಲೆಕ್ಕ, ಸ್ಕ್ಯಾನ್ ಬರಲಿ ಬಿಡಲಿ. ಆಪರೇಷನ್ ಆಗಿ ಎರಡು ವಾರ ಕಳೆದ ಮೇಲೆ, ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ ಸರಿಯಿದ್ದು ಕಿಡ್ನಿ ಚೆನ್ನಾಗಿದ್ದರೆ, ಜೋಲೆಡ್ರೊನಿಕ್ ಆಸಿಡ್ 5 ಮಿಲಿಗ್ರಾಂ ಡ್ರಿಪ್ ವರ್ಷಕ್ಕೊಮ್ಮೆ ಕೊಡುತ್ತಾರೆ. ಮೊದಲ ಸಲ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು, ಪ್ಯಾರಾಸಿಟಮಾಲ್ ಸಾಕು. ಇದನ್ನು ಬಿಟ್ಟರೆ ಎಡಗಾಲಿನ ಸರದಿಯೂ ಬಂದೀತು.

ಪ್ರಶ್ನೆ: 53 ವರ್ಷ. ಕೈಯೂರಿ ಬಿದ್ದು ಮಣಿಕಟ್ಟು ಮುರಿಯಿತು. ಮೊನ್ನೆ ಎಳೆದು ಕೂರಿಸಿ ಪ್ಲಾಸ್ಟರ್ ಹಾಕಿದರು. ಬೆರಳು ಬಾತಿವೆ. ಅಲ್ಲಾಡಿಸಬಹುದೇ? — ಗೃಹಿಣಿ, ಶಿರಸಿ

ಉತ್ತರ: ಅಲ್ಲಾಡಿಸಲೇಬೇಕು. ಬಳೆ, ಉಂಗುರ ಈಗಲೇ ತೆಗೆಯಿರಿ. ಎದ್ದಿರುವಾಗೆಲ್ಲ ಗಂಟೆಗೊಮ್ಮೆ, ಹತ್ತು ಸಲ: ಬೆರಳು ಪೂರ್ತಿ ಮಡಚಿ ಮುಷ್ಟಿ, ಪೂರ್ತಿ ಚಾಚಿ, ಹೆಬ್ಬೆರಳನ್ನು ಒಂದೊಂದು ಬೆರಳ ತುದಿಗೂ ಮುಟ್ಟಿಸಿ, ಆಮೇಲೆ ಕೈಯನ್ನು ತಲೆಯ ಮೇಲಕ್ಕೆತ್ತಿ. ಹೆಗಲನ್ನು ಮರೆತರೆ ಮಣಿಕಟ್ಟು ಸರಿಯಾಗುವ ಹೊತ್ತಿಗೆ ಹೆಗಲು ಸೆಟೆದಿರುತ್ತದೆ. ಮಲಗುವಾಗ ಕೈ ದಿಂಬಿನ ಮೇಲೆ, ಎದೆಗಿಂತ ಎತ್ತರದಲ್ಲಿರಲಿ.

ಬಾವು ಎರಡು ಮೂರು ದಿನದಲ್ಲಿ ಇಳಿಯಬೇಕು. ಮಾತ್ರೆಗೂ ಜಗ್ಗದ ನೋವು, ಬೆರಳನ್ನು ಬೇರೆಯವರು ನೇರ ಮಾಡಿದರೆ ಜೀವ ಹೋಗುವಷ್ಟು ನೋವು, ಜೋಮು, ಬಿಳಿಚಿದ ಅಥವಾ ನೀಲಿ ಬೆರಳು: ಇದರಲ್ಲಿ ಒಂದು ಕಂಡರೂ ರಾತ್ರಿಯೇ ಆಸ್ಪತ್ರೆಗೆ ಹೋಗಿ ಪ್ಲಾಸ್ಟರ್ ಸೀಳಿಸಿ. ಬೆಳಗಾಗಲಿ ಎನ್ನಬೇಡಿ, ರಕ್ತ ಸಿಗದ ಸ್ನಾಯು ಆರು ಗಂಟೆಯ ಆಸುಪಾಸಿನಲ್ಲಿ ಸಾಯತೊಡಗುತ್ತದೆ. ಸೀಳುವುದೆಂದರೆ ಚರ್ಮ ಕಾಣುವವರೆಗೆ, ಹತ್ತಿಯೂ ಸೇರಿ.

ಮೊದಲ ಎರಡು ವಾರ ವಾರಕ್ಕೊಮ್ಮೆ ಎಕ್ಸ್‌ರೇ ತಪ್ಪಿಸಬೇಡಿ. ಬಾವು ಇಳಿದು ಪ್ಲಾಸ್ಟರ್ ಸಡಿಲವಾದಾಗ ಮುರಿತ ಮತ್ತೆ ಜಾರುವುದು ಆಗಲೇ. ಎರಡು ವಾರದೊಳಗೆ ಕಂಡರೆ ಸರಿಪಡಿಸುವುದು ಸುಲಭ, ಐದನೇ ವಾರದಲ್ಲಿ ಕಂಡರೆ ಮೂಳೆ ಕತ್ತರಿಸಬೇಕು. ಒಟ್ಟು ಐದಾರು ವಾರದ ಪ್ಲಾಸ್ಟರ್. ಬಿಚ್ಚಿದ ಮೇಲೆ ಒಂದು ದಿನ ಹೆಬ್ಬೆರಳು ಇದ್ದಕ್ಕಿದ್ದಂತೆ ಮೇಲೇಳದೆ ಹೋದರೆ ತೋರಿಸಿ. ಒರಟು ಮೂಳೆಗೆ ಉಜ್ಜಿ ಅದರ ಸ್ನಾಯುರಜ್ಜು ತುಂಡಾಗಿರಬಹುದು.

ಮುಟ್ಟು ನಿಂತವರಾದರೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ. ಟಿ-ಸ್ಕೋರ್ ಮೈನಸ್ 1ರವರೆಗೆ ಸರಿ, ಮೈನಸ್ 1ರಿಂದ ಮೈನಸ್ 2.5ರ ನಡುವೆ ಮೂಳೆ ತೆಳುವಾಗಿದೆ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಆಸ್ಟಿಯೊಪೊರೋಸಿಸ್. ಐವತ್ತರ ಆಸುಪಾಸಿನಲ್ಲಿ ಮಣಿಕಟ್ಟು ಮುರಿದುಕೊಂಡವರೇ ಇಪ್ಪತ್ತು ವರ್ಷದ ಮೇಲೆ ಸೊಂಟ ಮುರಿದುಕೊಂಡು ಬರುವುದು ಹೆಚ್ಚು. ಈಗ ಸಿಕ್ಕಿರುವುದು ಅಗ್ಗದ ಎಚ್ಚರಿಕೆ.

ಪ್ರಶ್ನೆ: ಆರ್ಥೋ ಎರಡನೇ ವರ್ಷದ ಪಿಜಿ. ವಯಸ್ಸಾದವರಿಗೆ ಪ್ಲೇಟ್ ಹಾಕುವಾಗ ಸ್ಕ್ರೂ ತಿರುಗಿಸಿದಷ್ಟೂ ತಿರುಗುತ್ತಲೇ ಇರುತ್ತದೆ, ಬಿಗಿಯಾಗುವುದೇ ಇಲ್ಲ. ಏನು ತಪ್ಪುತ್ತಿದೆ? — ಹುಬ್ಬಳ್ಳಿ

ಉತ್ತರ: ಮೊದಲು ಡ್ರಿಲ್ ಬಿಟ್ ನೋಡಿ. ಮೂಳೆಯ ಗಟ್ಟಿ ಹೊರಪದರ ಹಿಡಿಯುವ 3.5 ಮಿಲಿಮೀಟರ್ ಕಾರ್ಟಿಕಲ್ ಸ್ಕ್ರೂಗೆ 2.5, 4.5ರದಕ್ಕೆ 3.2, ತಲೆಯೇ ಪ್ಲೇಟಿಗೆ ಕಚ್ಚುವ 3.5 ಲಾಕಿಂಗ್‌ಗೆ 2.8. ತಟ್ಟೆಯಲ್ಲಿ ಮೂರೂ ಪಕ್ಕಪಕ್ಕ ಬಿದ್ದಿರುತ್ತವೆ. ಕಾರ್ಟಿಕಲ್ ಸ್ಕ್ರೂಗೆ 2.8 ಓಡಿಸಿಬಿಟ್ಟರೆ ಗಟ್ಟಿ ಮೂಳೆಯಲ್ಲಿ ಹೇಗೋ ನಡೆಯುತ್ತದೆ, ಟೊಳ್ಳು ಮೂಳೆಯಲ್ಲಿ ನಡೆಯುವುದಿಲ್ಲ. ಮೊಂಡಾದ ಬಿಟ್ ಇನ್ನೊಂದು ಕಾರಣ. ಒತ್ತಿದಷ್ಟೂ ಅಲ್ಲಾಡುತ್ತದೆ, ತೂತು ಅಗಲವಾಗುತ್ತದೆ, ಮೂಳೆ ಕಾಯುತ್ತದೆ. 47 ಡಿಗ್ರಿ ದಾಟಿ ಒಂದು ನಿಮಿಷ ಕಾದರೆ ತೂತಿನ ಸುತ್ತಲಿನ ಮೂಳೆ ಸಾಯುತ್ತದೆ; ಆ ಸ್ಕ್ರೂ ಇವತ್ತು ಹಿಡಿದರೂ ತಿಂಗಳಲ್ಲಿ ಸಡಿಲ. ಹೊಸ ಬಿಟ್, ಸಲೈನ್ ಹನಿ, ಒಂದೇ ಸಲ ಕೊರೆತ. ತೂತಿನಲ್ಲಿ ಹಿಂದೆ ಮುಂದೆ ಆಡಿಸಬೇಡಿ.

ಕೊನೆಯ ಎರಡು ಸುತ್ತು ಪವರ್‌ನಲ್ಲಿ ಬೇಡ, ಕೈಯಲ್ಲಿ, ಎರಡೇ ಬೆರಳಲ್ಲಿ. ಟೊಳ್ಳು ಮೂಳೆಯಲ್ಲಿ ಬಿಗಿಯಾಗುವುದಕ್ಕೂ ಕಿತ್ತುಹೋಗುವುದಕ್ಕೂ ನಡುವೆ ಕಾಲು ಸುತ್ತೂ ಇರುವುದಿಲ್ಲ. ಹೋಗಿಬಿಟ್ಟರೆ ಅದೇ ತೂತಿಗೆ 4 ಮಿಲಿಮೀಟರ್ ಕ್ಯಾನ್ಸಲಸ್ (ಒಳಗಿನ ಮೃದು ಮೂಳೆಗೆಂದೇ ಇರುವ) ಸ್ಕ್ರೂ. ಅದೂ ಹಿಡಿಯದಿದ್ದರೆ ಆ ತೂತು ಬಿಟ್ಟು ಮುಂದೆ ಹೋಗಿ.

ಆದರೆ ಅಸಲು ತಪ್ಪು ಪ್ಲಾನಿಂಗ್‌ನಲ್ಲಿರುವುದೇ ಹೆಚ್ಚು. ಇಂಥ ಮೂಳೆಗೆ ಲಾಕಿಂಗ್ ಪ್ಲೇಟ್ ಬೇಕು, ಉದ್ದದ್ದು ಬೇಕು, ಸ್ಕ್ರೂಗಳು ದೂರ ದೂರ ಇರಬೇಕು. ಚಿಕ್ಕ ಪ್ಲೇಟಿನ ಎಲ್ಲ ತೂತನ್ನೂ ತುಂಬಿಸಿದರೆ ಬಿಗಿ ಬರುವುದಿಲ್ಲ. ಕೊನೆಯ ಸ್ಕ್ರೂ ಪಕ್ಕದಲ್ಲೇ ಮೂಳೆ ಮುರಿಯುತ್ತದೆ. ಮೂಳೆಯನ್ನು ಪ್ಲೇಟಿಗೆ ಎಳೆದು ತರುವ ಸಾಮಾನ್ಯ ಸ್ಕ್ರೂ ಮೊದಲು, ಲಾಕಿಂಗ್ ಆಮೇಲೆ. ಒಮ್ಮೆ ಲಾಕ್ ಮಾಡಿದ ತುಂಡು ಮತ್ತೆ ಹತ್ತಿರ ಬರುವುದಿಲ್ಲ. ಲಾಕಿಂಗ್ ಸ್ಕ್ರೂಗೆ ಗೈಡ್ ಸ್ಲೀವ್ ಇಲ್ಲದೆ ಕೊರೆದರೆ ಓರೆಯಾಗಿ ಹಲ್ಲು ಕಚ್ಚುತ್ತದೆ. ‘ಬಿಗಿಯಾಯಿತು’ ಎಂಬ ಸುಳ್ಳು ಶಬ್ದ ಕೇಳಿಸುವುದು ಆಗ. 3.5ರ ಲಾಕಿಂಗ್‌ಗೆ ಬಿಗಿತ ಮಿತಿ ಮೀರದಂತೆ ತಡೆಯುವ 1.5 ನ್ಯೂಟನ್ ಮೀಟರ್ ಟಾರ್ಕ್ ಲಿಮಿಟರ್ ಬಳಸಿ, ಇಲ್ಲವಾದರೆ ಮುಂದೆ ತೆಗೆಯಬೇಕಾದಾಗ ಸ್ಕ್ರೂ ತಲೆ ಸವೆದು ಇನ್ನೊಬ್ಬರು ನಿಮಗೆ ಶಾಪ ಹಾಕುತ್ತಾರೆ.

ಸೊಂಟದ ಮುರಿತಕ್ಕೆ ಸ್ಕ್ರೂ ಹಾಕುವಾಗ ನೆನಪಿಡಬೇಕಾದ ಅಂಕಿ 25. ಎರಡೂ ಕೋನದ ಎಕ್ಸ್‌ರೇಯಲ್ಲಿ ಸ್ಕ್ರೂ ತುದಿಯಿಂದ ಗುಂಡಿನ ಶಿಖರಕ್ಕೆ ಇರುವ ದೂರವನ್ನು, ಹಿಗ್ಗಿದ ಅಳತೆ ಸರಿಪಡಿಸಿ, ಕೂಡಿದರೆ 25 ಮಿಲಿಮೀಟರಿಗಿಂತ ಕಡಿಮೆ ಬರಬೇಕು. ಮೀರಿದರೆ ಸ್ಕ್ರೂ ಗುಂಡನ್ನು ಸೀಳಿಕೊಂಡು ಹೊರಬರುವ ಸಂಭವ ಏರುತ್ತದೆ. ಮುರಿತವನ್ನು ಸರಿಯಾಗಿ ಕೂರಿಸದೆ ರಾಡು ಹೊಡೆದವರಿಗೆ ಈ ಲೆಕ್ಕವೂ ನೆರವಾಗುವುದಿಲ್ಲ.

ಪ್ರಶ್ನೆ: ಪಾವಗಡ ತಾಲ್ಲೂಕು. 60 ವರ್ಷ. ಮೊದಲಿಂದಲೂ ಬೋರ್‌ವೆಲ್ ನೀರೇ. ಬೆನ್ನು ಮರದ ಹಾಗೆ ಸೆಟೆದಿದೆ, ಬಗ್ಗಲು ಆಗುವುದಿಲ್ಲ. ಕಳೆದ ವರ್ಷ ಸುಮ್ಮನೆ ಬಿದ್ದು ಕೈ ಮುರಿಯಿತು. ಡೆಕ್ಸಾದಲ್ಲಿ ಟಿ-ಸ್ಕೋರ್ ಪ್ಲಸ್ 2 ಬಂದಿದೆ, ‘ಮೂಳೆ ಕಬ್ಬಿಣದ ಹಾಗಿದೆ’ ಅಂದರು. ಹಾಗಾದರೆ ಮುರಿದದ್ದು ಯಾಕೆ?

ಉತ್ತರ: ಡೆಕ್ಸಾ ಅಳೆಯುವುದು ಸಾಂದ್ರತೆ, ಗಟ್ಟಿತನವನ್ನಲ್ಲ. ಸಾಮಾನ್ಯವಾಗಿ ಎರಡೂ ಜೊತೆಯಾಗಿ ಹೋಗುತ್ತವೆ. ಫ್ಲೋರೈಡ್ ಹೆಚ್ಚಿರುವ ಊರುಗಳಲ್ಲಿ ಹೋಗುವುದಿಲ್ಲ. ನೀರಿನ ಫ್ಲೋರೈಡ್ ಮೂಳೆಯ ಖನಿಜದೊಳಗೆ ಸೇರಿಕೊಂಡು ಅದನ್ನು ದಟ್ಟವಾಗಿಸುತ್ತದೆ, ಆದರೆ ಹರಳುಗಳ ಜೋಡಣೆ ಕೆಟ್ಟು ಮೂಳೆ ಪೆಡಸಾಗುತ್ತದೆ. ಒಂದು ಕಾಲಕ್ಕೆ ಆಸ್ಟಿಯೊಪೊರೋಸಿಸ್‌ಗೆ ಫ್ಲೋರೈಡನ್ನೇ ಔಷಧವಾಗಿ ಕೊಟ್ಟು ನೋಡಿದ್ದರು. 1990ರಲ್ಲಿ ಅಮೆರಿಕದ ಅಧ್ಯಯನವೊಂದು ಸಾಂದ್ರತೆ ಏರಿದರೂ ಬೆನ್ನುಮೂಳೆ ಮುರಿತ ಇಳಿಯಲಿಲ್ಲ, ಬೇರೆಡೆಯ ಮುರಿತ ಹೆಚ್ಚಿತು ಎಂದು ತೋರಿಸಿದ ಮೇಲೆ ಆ ದಾರಿ ಬಿಟ್ಟರು.

ಮುಂಗೈಯ ಒಂದು ಎಕ್ಸ್‌ರೇ ತೆಗೆಸಿ. ಎರಡು ಮೂಳೆಗಳ ನಡುವಿನ ಪೊರೆಯಲ್ಲಿ ಸುಣ್ಣ ಕಟ್ಟಿದ್ದರೆ ಅದು ಫ್ಲೋರೋಸಿಸ್‌ನ ಗುರುತು. ಬೆನ್ನಿನ ಎಕ್ಸ್‌ರೇಯಲ್ಲಿ ಮೂಳೆಗಳ ನಡುವಿನ ಪಟ್ಟಿಗಳೂ ಸುಣ್ಣಗಟ್ಟಿರುತ್ತವೆ, ನಿಮ್ಮ ಬೆನ್ನು ಬಗ್ಗದಿರುವುದು ಅದಕ್ಕೆ. ಕಾಲಲ್ಲಿ ಜೋಮು, ನಡಿಗೆಯಲ್ಲಿ ಬಿಗಿತ, ಮೂತ್ರದಲ್ಲಿ ತೊಂದರೆ ಇದ್ದರೆ ನರ ಒತ್ತುತ್ತಿದೆಯೇ ಎಂದು ಎಂಆರ್‌ಐ ಬೇಕು. ಮೂತ್ರದ ಫ್ಲೋರೈಡ್ ಪರೀಕ್ಷೆಯನ್ನೂ ಕೇಳಿ.

ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮಿತಿ, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಾಢವಾಗುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ತಂದ ನೀರನ್ನು ಕುಡಿಯಲು ಮಾತ್ರ ಇಟ್ಟುಕೊಂಡು ಸಾರು, ಅನ್ನ, ಮುದ್ದೆಗೆ ಬೋರ್‌ವೆಲ್ ನೀರು ಹಾಕುವುದು ಬಹಳ ಮನೆಗಳಲ್ಲಿದೆ. ಅಡುಗೆಗೂ ಅದೇ ನೀರು ಬೇಕು. ಕಪ್ಪು ಉಪ್ಪು ಬಿಡಿ, ಚಹಾ ಕಡಿಮೆ ಮಾಡಿ, ಹಾಲು, ರಾಗಿ ಹೆಚ್ಚಿಸಿ. ಸೇರಿದ ಫ್ಲೋರೈಡ್ ಬೇಗ ಇಳಿಯದು. ಮನೆಯ ಮಕ್ಕಳಿಗೆ ಮಾತ್ರ ಇವತ್ತಿನಿಂದಲೇ ಲಾಭ.

ಫ್ಲೋರೈಡ್ ಇಲ್ಲದ ಊರಿನವರಿಗೂ ಒಂದು ಮಾತು: ವಯಸ್ಸಾದವರ ಬೆನ್ನುಮೂಳೆಯ ಅಂಚಿನಲ್ಲಿ ಮುಳ್ಳಿನಂತೆ ಬೆಳೆದ ಮೂಳೆಯೂ ಡೆಕ್ಸಾ ಅಂಕಿಯನ್ನು ಸುಳ್ಳೇ ಏರಿಸುತ್ತದೆ. ಸೊಂಟದ, ಬೇಕಾದರೆ ಮುಂಗೈಯ ಅಂಕಿ ನೋಡಬೇಕು.

ಪ್ರಶ್ನೆ: ಟೊಳ್ಳು ಮೂಳೆಗೆ ವಾರಕ್ಕೊಂದು ಅಲೆಂಡ್ರೊನೇಟ್ 70 ಮಿಲಿಗ್ರಾಂ ಮಾತ್ರೆ ಕೊಟ್ಟಿದ್ದಾರೆ. ಎದೆಯುರಿ ತಡೆಯಲಾಗುತ್ತಿಲ್ಲ. ಹಲ್ಲೂ ಕೀಳಿಸಬೇಕಿದೆ. — ಮೈಸೂರು

ಉತ್ತರ: ಹೇಗೆ ನುಂಗುತ್ತೀರಿ ನೋಡಿ. ವಾರದ ಒಂದು ದಿನ ಗೊತ್ತುಮಾಡಿಕೊಂಡು ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರೀ ನೀರಿನಲ್ಲಿ ನುಂಗಬೇಕು. ಕಾಫಿ, ಹಾಲು, ಇತರ ಮಾತ್ರೆ ಅರ್ಧ ಗಂಟೆ ಬೇಡ, ಆ ಅರ್ಧ ಗಂಟೆ ಮಲಗಲೂ ಬಾರದು, ಬಗ್ಗಿ ರಂಗೋಲಿ ಹಾಕಲೂ ಬಾರದು. ಎರಡು ಗುಟುಕು ನೀರಲ್ಲಿ ನುಂಗಿ ಮತ್ತೆ ಮಲಗಿದರೆ ಮಾತ್ರೆ ಅನ್ನನಾಳಕ್ಕೆ ಅಂಟಿ ಸುಡುತ್ತದೆ. ಕಾಫಿಯೊಂದಿಗೆ ನುಂಗಿದರೆ ಮೈಗೆ ಹತ್ತುವುದೇ ಇಲ್ಲ. ಸರಿಯಾಗಿ ನುಂಗಿಯೂ ಉರಿ ನಿಲ್ಲದಿದ್ದರೆ ಮಾತ್ರೆ ನಿಲ್ಲಿಸಿ ವೈದ್ಯರಿಗೆ ತಿಳಿಸಿ, ವರ್ಷಕ್ಕೊಮ್ಮೆಯ ಡ್ರಿಪ್‌ಗೆ ಬದಲಾಯಿಸಬಹುದು.

ಹಲ್ಲಿನ ವೈದ್ಯರಿಗೆ ಈ ಮಾತ್ರೆಯ ಹೆಸರು ಮತ್ತು ಎಷ್ಟು ವರ್ಷವಾಯಿತೆಂದು ಹೇಳಿ. ದವಡೆ ಮೂಳೆ ಸಾಯುವ ತೊಂದರೆ ಬಹಳ ಅಪರೂಪ. ಅದಕ್ಕೆ ಹೆದರಿ ಮಾತ್ರೆ ಬಿಟ್ಟು ಸೊಂಟ ಮುರಿದುಕೊಂಡವರು ಹೆಚ್ಚು. ಐದು ವರ್ಷವಾದ ಮೇಲೆ ಮುಂದುವರಿಸಬೇಕೇ ಎಂದು ಮರುಪರಿಶೀಲನೆ ಆಗಲೇಬೇಕು. ನಡುವೆ ಯಾವಾಗಲಾದರೂ ತೊಡೆಯಲ್ಲಿ ವಾರಗಟ್ಟಲೆ ಮಂದ ನೋವು ಬಂದರೆ ಎರಡೂ ತೊಡೆಯ ಎಕ್ಸ್‌ರೇ ತೆಗೆಸಿ. ದೀರ್ಘಕಾಲ ಈ ಮಾತ್ರೆ ನುಂಗಿದವರಲ್ಲಿ ಅಪರೂಪಕ್ಕೆ ತೊಡೆಮೂಳೆ ಅಡ್ಡಡ್ಡ ಬಿರುಕು ಬಿಡುತ್ತದೆ.

ಪ್ರಶ್ನೆ: ಅತ್ತೆಗೆ ಟೊಳ್ಳು ಮೂಳೆಗೆಂದು ಆರು ತಿಂಗಳಿಗೊಮ್ಮೆ ಡೆನೊಸುಮ್ಯಾಬ್ ಇಂಜೆಕ್ಷನ್. ಈಗ ಚೆನ್ನಾಗಿದ್ದಾರೆ. ನಿಲ್ಲಿಸಬಹುದೇ? — ಮಂಗಳೂರು

ಉತ್ತರ: ಸುಮ್ಮನೆ ನಿಲ್ಲಿಸುವಂತಿಲ್ಲ. ಪರಿಣಾಮ ಇಳಿದ ಕೂಡಲೇ ಮೂಳೆ ಮೊದಲಿಗಿಂತ ವೇಗವಾಗಿ ಕರಗಿ ಬೆನ್ನುಮೂಳೆಗಳು ಒಂದರ ಹಿಂದೊಂದು ಕುಸಿಯಬಹುದು. ಹಿಂದಿನ ಇಂಜೆಕ್ಷನ್ ಆಗಿ ಏಳು ತಿಂಗಳು ದಾಟಿಸಬೇಡಿ. ನಿಲ್ಲಿಸಲೇಬೇಕಾದರೆ ಜೋಲೆಡ್ರೊನಿಕ್ ಅಥವಾ ಅಲೆಂಡ್ರೊನೇಟ್ ಹಿಂದೆಯೇ ಬರಬೇಕು. ಅಮೆರಿಕಕ್ಕೆ ಮಗನ ಮನೆಗೆ ಆರು ತಿಂಗಳು ಹೋಗುವವರು ಟಿಕೆಟ್ ತೆಗೆಯುವಾಗಲೇ ಈ ತಾರೀಖು ನೋಡಿಕೊಳ್ಳಿ.

ಪ್ರಶ್ನೆ: ದಿನಾ ರಾಗಿ ಮುದ್ದೆ ತಿನ್ನುವವರಿಗೂ ಕ್ಯಾಲ್ಸಿಯಂ ಮಾತ್ರೆ ಬೇಕೇ? ವಿಟಮಿನ್ ಡಿ 60,000 ದಿನಾ ಒಂದರಂತೆ ನುಂಗುತ್ತಿದ್ದೇನೆ, ಥೈರಾಯ್ಡ್ ಮಾತ್ರೆಯೂ ಇದೆ. — ಮಂಡ್ಯ

ಉತ್ತರ: ವಿಟಮಿನ್ ಡಿ ಮೊದಲು ನಿಲ್ಲಿಸಿ. 60,000 ಯೂನಿಟ್ ಸಾಮಾನ್ಯವಾಗಿ ವಾರಕ್ಕೊಂದು, ಎಂಟು ವಾರ, ಆಮೇಲೆ ತಿಂಗಳಿಗೊಂದು. ದಿನಾ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ವಿಪರೀತ ಬಾಯಾರಿಕೆ, ಕಿಡ್ನಿಗೆ ಪೆಟ್ಟು. ನಾಳೆಯೇ ಕ್ಯಾಲ್ಸಿಯಂ, ಕ್ರಿಯಾಟಿನಿನ್, ವಿಟಮಿನ್ ಡಿ ಮೂರೂ ಪರೀಕ್ಷಿಸಿ. ಫಲಿತಾಂಶ ಬರುವವರೆಗೆ ಕ್ಯಾಲ್ಸಿಯಂ ಮಾತ್ರೆಯೂ ಬೇಡ.

ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಪೂರ್ತಿ ಮೈಗೆ ಹತ್ತುವುದಿಲ್ಲ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 1000, ಮುಟ್ಟು ನಿಂತವರಿಗೆ 1200. ಮುದ್ದೆಯ ಜೊತೆ ಅರ್ಧ ಲೀಟರ್ ಹಾಲು ಮೊಸರು ಇದ್ದರೆ ಬಹುತೇಕ ತುಂಬುತ್ತದೆ. ಕಡಿಮೆಬಿದ್ದಷ್ಟಕ್ಕೆ ಮಾತ್ರೆ: 1250 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದರೆ ಸಿಗುವುದು 500 ಮಾತ್ರ, ಅದನ್ನು ಊಟವಾದ ಮೇಲೆ. ಥೈರಾಯ್ಡ್ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ ಇರಲಿ.

ಪ್ರಶ್ನೆ: ಆರು ವರ್ಷದ ಮಗ ಸೀಬೆಮರದಿಂದ ಬಿದ್ದು ಮೊಣಕೈ ಮುರಿದುಕೊಂಡಿದ್ದಾನೆ. ಊರಲ್ಲಿ ನಾಟಿ ಕಟ್ಟು ಚೆನ್ನಾಗಿ ಹಾಕುತ್ತಾರೆ, ಮೊಟ್ಟೆ ಬಿಳಿ, ಬಿದಿರ ದಬ್ಬೆ. — ಕೋಲಾರ

ಉತ್ತರ: ಮೊಣಕೈಗೆ ಬೇಡವೇ ಬೇಡ. ನಾಟಿ ಕಟ್ಟಿನಲ್ಲಿ ಕೂಡಿದ ಮುರಿತಗಳು ಬಹಳಷ್ಟು ಸರಿಯದೇ ಇದ್ದವು, ತಾವೇ ಕೂಡುವಂಥವು. ಮಕ್ಕಳ ಮೊಣಕೈ ಮೇಲಿನ ಮುರಿತದ ಮುಂದೆಯೇ ಕೈಗೆ ರಕ್ತ ಒಯ್ಯುವ ನಾಳ, ನರ ಇವೆ. ಬಾವು ಬೇಗ ಬರುತ್ತದೆ. ಅದರ ಮೇಲೆ ಬಿಗಿ ದಬ್ಬೆ ಕಟ್ಟಿದರೆ ಮುಂಗೈ ಸ್ನಾಯು ಸತ್ತು ಬೆರಳುಗಳು ಹಕ್ಕಿಯ ಪಂಜದಂತೆ ಮಡಚಿ ಹಾಗೇ ನಿಲ್ಲುತ್ತವೆ, ಕೆಲವರಿಗೆ ಕೊಳೆತು ಕೈಯೇ ಹೋಗುತ್ತದೆ. ಹುಡುಗ ಅಳುತ್ತಾ ಬೆರಳು ಮುಟ್ಟಗೊಡದಿದ್ದರೆ ಹಠವೆಂದು ಗದರಬೇಡಿ. ಮುರಿತ ಸರಿದಿದ್ದರೆ ಅರಿವಳಿಕೆ ಕೊಟ್ಟು, ಕೊಯ್ಯದೆ ಕೂರಿಸಿ, ಚರ್ಮದ ಮೂಲಕ ಎರಡು ಮೂರು ತಂತಿ ಹಾಕುತ್ತಾರೆ. ಮೂರು ನಾಲ್ಕು ವಾರಕ್ಕೆ ಒಪಿಡಿಯಲ್ಲೇ ತೆಗೆಯುತ್ತಾರೆ. ಆಮೇಲೆ ಎಣ್ಣೆ ಹಚ್ಚಿ ನೀವುವುದು, ಬಲವಂತವಾಗಿ ಮಡಚುವುದು ಬೇಡ: ಸ್ನಾಯುವಿನೊಳಗೆ ಮೂಳೆ ಬೆಳೆದು ಕೀಲು ಬಿಗಿಯುತ್ತದೆ. ಆಟವಾಡಲು ಬಿಟ್ಟರೆ ತಾನೇ ಮಡಚುತ್ತಾನೆ.

ಪ್ರಶ್ನೆ: ಥಿಯೇಟರ್ ಟೆಕ್ನಿಷಿಯನ್. ದಿನಾ ಸಿ-ಆರ್ಮ್ (ಆಪರೇಷನ್ ನಡೆಯುವಾಗಲೇ ಎಕ್ಸ್‌ರೇ ತೋರಿಸುವ ಯಂತ್ರ) ಕೆಲಸ. ಏಪ್ರನ್ ಹಾಕಿದರೆ ಸಾಕೇ? ಹೆಂಡತಿಯೂ ನರ್ಸ್, ಈಗ ಗರ್ಭಿಣಿ. — ಕಲಬುರಗಿ

ಉತ್ತರ: ಏಪ್ರನ್ ಜೊತೆ ಥೈರಾಯ್ಡ್ ಕಾಲರ್ ಬೇಕು. ಟಿಎಲ್‌ಡಿ ಬ್ಯಾಡ್ಜು (ಮೈಗೆ ಬಿದ್ದ ಕಿರಣ ಅಳೆಯುವಂಥದ್ದು) ಏಪ್ರನ್ ಒಳಗೆ, ಎದೆಯ ಮೇಲೆ. ಬೀರುವಿನಲ್ಲಿ ತೂಗುಹಾಕಿದರೆ ಅದು ಬೀರು ಪಡೆದ ಕಿರಣವನ್ನು ಅಳೆಯುತ್ತದೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30. ಗರ್ಭ ಗೊತ್ತಾದ ಮೇಲೆ ಹೆರಿಗೆಯವರೆಗೆ ಭ್ರೂಣಕ್ಕೆ 1 ಮಾತ್ರ. ಆದ್ದರಿಂದ ನಿಮ್ಮ ಮನೆಯವರು ಲಿಖಿತವಾಗಿ ತಿಳಿಸಿ ಸಿ-ಆರ್ಮ್ ಇಲ್ಲದ ಡ್ಯೂಟಿ ಕೇಳಲಿ.

ಟ್ಯೂಬ್ ಟೇಬಲಿನ ಕೆಳಗೆ, ಚಿತ್ರ ಹಿಡಿಯುವ ಭಾಗ ಮೇಲೆ, ರೋಗಿಗೆ ಆದಷ್ಟು ಹತ್ತಿರ. ಚದುರುವ ಕಿರಣ ಟ್ಯೂಬಿನ ಕಡೆಗೇ ಹೆಚ್ಚು. ನಿಂತ ದೂರ ಎರಡರಷ್ಟಾದರೆ ಕಿರಣ ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ, ಅಂದರೆ ಒಂದು ಹೆಜ್ಜೆ ಹಿಂದೆ ಸರಿಯುವುದು ಪುಕ್ಕಟೆ ರಕ್ಷಣೆ. ಸರ್ಜನ್ ಪೆಡಲ್ ಒತ್ತಿ ಹಿಡಿದೇ ಇದ್ದರೆ ‘ಸಿಂಗಲ್ ಶಾಟ್ ಸಾಕೇ ಸಾರ್’ ಅಂತ ಕೇಳುವ ಹಕ್ಕು ನಿಮಗಿದೆ. ಏಪ್ರನ್ನನ್ನು ಮಡಚಿ ಕುರ್ಚಿ ಮೇಲೆ ಎಸೆಯಬೇಡಿ, ಹ್ಯಾಂಗರಿಗೆ ಹಾಕಿ. ಮಡಿಕೆಯಲ್ಲಿ ಸೀಸ ಬಿರುಕು ಬಿಡುತ್ತದೆ, ಹೊರಗಿನ ಬಟ್ಟೆ ಮಾತ್ರ ಚೆನ್ನಾಗಿ ಕಾಣುತ್ತದೆ. ವರ್ಷಕ್ಕೊಮ್ಮೆ ಅದೇ ಸಿ-ಆರ್ಮ್ ಕೆಳಗೆ ಹರಡಿ ನೋಡಿ. ಬಿಳಿ ಗೆರೆ ಕಂಡದ್ದನ್ನು ಬದಲಾಯಿಸಲು ಸ್ಟೋರಿಗೆ ಬರೆದುಕೊಡಿ.